ಶಿಶುವಿಹಾರದ ಗೋಡೆ

ಬ್ರಷ್ ತೊಳೆದ ಸೀಮೆಎಣ್ಣೆಯ ವಾಸನೆ ಎಂದರೆ ದೊಡ್ಡ ಸೊಸೆಗೆ ತವರುಮನೆ. ಅಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಬ್ರಷ್ ಹಿಡಿಯುವುದು ಅಣ್ಣನ ಪಾಲು, ತೊಳೆಯುವುದು ಅವಳ ಪಾಲು. ಮದುವೆಯಾಗಿ ಬಂದದ್ದೂ ಬೋರ್ಡು ಬರೆಯುವವರ ಮನೆಗೇ. ಇಲ್ಲಿಯೂ ಅದೇ ಸೀಮೆಎಣ್ಣೆ ಡಬ್ಬ, ಅದೇ ತೊಳೆಯುವ ಕೆಲಸ.

ಹೀಗಿರುವಾಗ ಅವಳ ಓರಗಿತ್ತಿ, ಗಂಡ ತೀರಿ ಎರಡು ವರ್ಷವಾಗಿದ್ದ ಚಿಕ್ಕ ಸೊಸೆ, ಹಾಡಹಗಲೇ ಬೀದಿಯಲ್ಲಿ ನಿಂತು ಬ್ರಷ್ ಹಿಡಿದಳು. ದುಡಿಯಲು ಹೋಗುವ ತಾಯಂದಿರ ಮಕ್ಕಳಿಗೆಂದು ಬೀದಿಯವರೆಲ್ಲ ಸೇರಿ ಒಂದು ಶಿಶುವಿಹಾರ ಕಟ್ಟಿದ್ದರು. ಇಟ್ಟಿಗೆ ಹೊತ್ತವರ ಮುಖಗಳನ್ನೇ ಅದರ ಗೋಡೆಯ ಮೇಲೆ ಬರೆಯಬೇಕೆಂದು ತೀರ್ಮಾನವಾಗಿತ್ತು. “ಏನ್ ಕೈಯಮ್ಮ ನಿಂದು!” ಎಂದು ಜನ ನಿಂತು ಹೊಗಳುವಾಗ ದೊಡ್ಡವಳು ಮುಖ ಸಿಂಡರಿಸಿ ಮನೆಗೆ ತಿರುಗುತ್ತಿದ್ದಳು. ಬಿಸಿಲೇರಿದರೆ ಇಸ್ತ್ರಿ ಅಂಗಡಿಯಾಕೆ ಚಿಕ್ಕವಳಿಗೆ ಕೊಡೆ ಹಿಡಿಯುತ್ತಿದ್ದಳು. ಆ ಕೊಡೆ ಕಂಡರೂ ಇವಳಿಗೆ ಸಂಕಟ.

ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು: ಗಂಡ ಸತ್ತವಳು ಬದುಕಿರುವವರ ಮುಖ ಬರೆದರೆ ಅವರ ಆಯುಷ್ಯ ಸವೆಯುತ್ತದೆ. ಮೊಣಕಾಲು ನೋವಿನ ಅತ್ತೆ ಬೀದಿಗೆ ಇಳಿಯುತ್ತಿರಲಿಲ್ಲ. ಚಿಕ್ಕ ಸೊಸೆ ಗೋಡೆಗೆ ಹೂಬಳ್ಳಿ ಬರೆಯುತ್ತಿದ್ದಾಳೆಂದೇ ನಂಬಿದ್ದರು. ಇಂಥ ಕಟ್ಟಳೆಗಳಿಗೆ ತಾವಾಗಿ ಬಾಯಿಲ್ಲ. ಮನೆಯೊಳಗಿನ ಹೊಟ್ಟೆಕಿಚ್ಚೇ ಬಾಯಿ ಕೊಡುತ್ತದೆ.

ಸೊಪ್ಪು ಬಿಡಿಸುತ್ತಾ ದೊಡ್ಡವಳು, “ಮೊನ್ನೆ ಟೈಲರ್ ಮುಖ ಬರೆದಳು ಅತ್ತೆ. ನಿನ್ನೆಯಿಂದ ಅವನಿಗೆ ಜ್ವರ,” ಎಂದಳು, ಏನೋ ನೆನಪಾದಂತೆ.

“ಮುಖ ಬರೀತಿದ್ದಾಳಾ! ಅವಳ ಕಾಲ್ಗುಣಕ್ಕೆ ನನ್ನ ಮಗ ಹೋಗಿದ್ದು ಸಾಲದಾ, ಬೀದಿನೂ ತಿನ್ಬೇಕಾ? ಸುಣ್ಣ ಕಲಸು, ನಡಿ!”

ಗೋಡೆಯೆದುರು ಅತ್ತೆ ಏದುಸಿರು ಬಿಡುತ್ತಾ ನಿಂತರು. ಹಿಂದೆ ಸುಣ್ಣದ ಬಕೆಟ್ ಹಿಡಿದ ದೊಡ್ಡವಳು.

“ಬ್ರಷ್ ಕೆಳಗಿಡು. ಇಲ್ಲಾಂದ್ರೆ ಮನೆ ಕಡೆ ತಲೆ ಹಾಕಬೇಡ.”

“ಮನೆ ಬಿಡ್ತೀನಿ ಅತ್ತೆ, ಬ್ರಷ್ ಬಿಡಲ್ಲ.” ಚಿಕ್ಕವಳು ಮತ್ತೆ ಬಣ್ಣಕ್ಕೆ ಬ್ರಷ್ ಅದ್ದಿದಳು.

ಇಸ್ತ್ರಿ ಅಂಗಡಿಯಾಕೆ ಬಂದು ಗೋಡೆಯ ಮೇಲಿನ ತನ್ನ ಮುಖಕ್ಕೆ ಅಡ್ಡವಾಗಿ ನಿಂತಳು. “ನಮ್ಮ ಜೊತೆ ಇಟ್ಟಿಗೆ ಹೊರೋವಾಗ್ಲೂ ಇವಳದು ಇದೇ ಕೈ ಅಲ್ವಾ ಅಮ್ಮ? ಆಗ ಯಾರ ಆಯುಷ್ಯಾನೂ ಸವೀಲಿಲ್ಲ.” ಇಟ್ಟಿಗೆ ಹೊತ್ತವರು ಒಬ್ಬೊಬ್ಬರಾಗಿ ಬಂದು ತಂತಮ್ಮ ಮುಖದ ಮುಂದೆ ನಿಂತರು. ಕೊನೆಗೆ ಕಂಬಳಿ ಹೊದ್ದ ಟೈಲರ್.

“ಜ್ವರ ಬಂದಿದ್ದು ಮಳೇಲಿ ನೆಂದು. ಗೋಡೆ ಮೇಲೆ ನನ್ನ ತಕರಾರು ಒಂದೇ, ಮೂಗು ಇಷ್ಟು ದಪ್ಪ ಇಲ್ಲ.”

“ಮನೇಲಿ ಕನ್ನಡಿ ಇಲ್ವೇನಪ್ಪಾ?” ಎಂದಳು ಇಸ್ತ್ರಿಯಾಕೆ. ಎಲ್ಲರೂ ನಕ್ಕರು.

“ನಗಿ, ನಗಿ. ಹಿರಿಯರೇನು ತಲೆಕೆಟ್ಟು ಹೇಳಿದ್ರಾ? ಸುಣ್ಣ ಎರಚೇ, ಏನ್ ನೋಡ್ತೀಯ!” ಅತ್ತೆ ದೊಡ್ಡವಳತ್ತ ತಿರುಗಿದರು.

ದೊಡ್ಡವಳು ಆ ಸಾಲನ್ನೇ ನೋಡಿದಳು. ತನಗಾಗಿ ಹೀಗೆ ಒಬ್ಬರಾದರೂ ಬಂದು ನಿಂತಾರೆಯೇ? ಕಿಚ್ಚು ಆರಲಿಲ್ಲ, ಇನ್ನಷ್ಟು ಭುಗಿಲೆದ್ದಿತು. ಆದರೆ ತನ್ನ ಕೈಗೆ ಬ್ರಷ್ ಸಿಗದಂತೆ ಮಾಡಿದವಳು ಚಿಕ್ಕವಳಲ್ಲವಲ್ಲ. ಬಕೆಟ್ ನೆಲಕ್ಕಿಟ್ಟಳು.

“ಎರಚಲ್ಲ ಅತ್ತೆ. ಅವನು ಮಳೇಲಿ ತೊಯ್ದು ಬಂದಿದ್ದು ನಾನೇ ನೋಡಿದ್ದೆ. ಹೊಟ್ಟೆಕಿಚ್ಚಿಗೆ ಹಾಗೆ ಹೇಳ್ದೆ.”

“ಹಾಗಾದ್ರೆ ಇಬ್ರೂ ಬೀದೀಲೇ ಇರಿ!” ಅತ್ತೆ ತಿರುಗಿ ಹೊರಟರು. ಮುಗ್ಗರಿಸಿದಾಗ ಇಸ್ತ್ರಿಯಾಕೆಯೇ ಓಡಿ ತೋಳು ಹಿಡಿದು ಮನೆಯವರೆಗೆ ಬಿಟ್ಟುಬಂದಳು.

ಮಧ್ಯಾಹ್ನದವರೆಗೆ ದೊಡ್ಡವಳನ್ನು ಯಾರೂ ಮಾತನಾಡಿಸಲಿಲ್ಲ. ಶಿಶುವಿಹಾರದ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಚಿಕ್ಕವಳು ಏಣಿಯಿಂದಿಳಿದು, ಕೈ ತೊಳೆದು, ಪಕ್ಕದಲ್ಲೇ ಕೂತಳು. ಕ್ಷಮಿಸುವುದರಲ್ಲೂ ಇವಳದೇ ಮೇಲುಗೈಯೇ ಎಂದು ದೊಡ್ಡವಳಿಗೆ ಮತ್ತೆ ಚುರುಕ್ಕೆಂದಿತು. ಚಿಕ್ಕವಳು ತನ್ನ ಬುತ್ತಿ ಡಬ್ಬಿಯ ಮುಚ್ಚಳಕ್ಕೆ ಅರ್ಧ ಊಟ ಬಡಿಸಿ, ಅವಳ ಕೈಗಿಟ್ಟಳು.