ಕರಿಯಯ್ಯ ತಂದ ಶಿಫಾರಸು

ದಿವ್ಯಳಿಗೆ ಸಿಟ್ಟು ಬಂದಿದ್ದು ಎಂಬಿಬಿಎಸ್ ನಂತರದ ಪ್ರವೇಶ ಪರೀಕ್ಷೆ ಕಷ್ಟವಾಯಿತೆಂದಲ್ಲ. ಅದನ್ನು ಚೆನ್ನಾಗಿಯೇ ಬರೆದಿದ್ದಳು. ಆದರೆ ಈ ವರ್ಷದಿಂದ ಅಂಕವೇ ಇಲ್ಲ, ಪಾಸು ಇಲ್ಲವೇ ಫೇಲು, ಎರಡೇ ಎಂದು ಮೇಲಿನವರು ತೀರ್ಮಾನಿಸಿಬಿಟ್ಟಿದ್ದರು. ಓದುವವರ ಮನಸ್ಸಿಗೆ ಒತ್ತಡವಾಗಬಾರದಂತೆ. ಎಷ್ಟು ಕರುಣೆ ನೋಡಿ. ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದವಳೂ, ಕೂದಲೆಳೆಯಲ್ಲಿ ಪಾರಾದವನೂ ಈಗ ಒಂದೇ ಸಾಲಿನಲ್ಲಿ ನಿಂತಿದ್ದರು.

ಮೈಸೂರಿನ ಒಂದು ದೊಡ್ಡ ಟ್ರಸ್ಟ್ ಆಸ್ಪತ್ರೆಯಲ್ಲಿ ಸರ್ಜರಿ ಕಲಿಯಲು ಎರಡೇ ಸೀಟು. ಅಂಕವಿಲ್ಲದ ಮೇಲೆ ಯಾರನ್ನು ಆರಿಸುವುದು? ಅರ್ಜಿಗೆ ಹೊಸ ಕಾಲಂಗಳು ಬಂದವು. ಪ್ರಕಟವಾದ ಸಂಶೋಧನಾ ಲೇಖನ ಬೇಕು, ಹೆಸರಾಂತ ಸರ್ಜನ್ ಒಬ್ಬರ ಶಿಫಾರಸು ಪತ್ರ ಬೇಕು. ದಿವ್ಯ ಎರಡು ವರ್ಷದಿಂದ ಹುಲ್ಲಹಳ್ಳಿ ಕಡೆಯ ಆರೋಗ್ಯ ಕೇಂದ್ರದಲ್ಲಿ ಕಬ್ಬು ಕಡಿಯುವವರ ಕೈಗೆ ಹೊಲಿಗೆ ಹಾಕುತ್ತಿದ್ದಳು. ಅದಕ್ಕೆ ಕಾಲಂ ಇರಲಿಲ್ಲ.

ಅವಳಪ್ಪ ಕರಿಯಯ್ಯ ಟಿ. ನರಸೀಪುರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಜವಾನನಾಗಿದ್ದವನು. ಯಾರ ಚೀಟಿಗೆ ಯಾವ ಫೈಲು ಓಡುತ್ತದೆ ಎಂಬುದನ್ನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡಿದ್ದ. ತನಗಾಗಿ ಮಾತ್ರ ಒಬ್ಬರ ಹತ್ತಿರವೂ ಹಲ್ಲುಗಿಂಜಿದವನಲ್ಲ. "ನಮ್ಗ್ಯಾವ ವಶೀಲಿನೂ ಇಲ್ಲ ಕಣವ್ವ, ಮಾರ್ಕ್ಸೇ ನಮ್ ವಶೀಲಿ" ಎಂದು ಹೇಳಿಕೊಂಡೇ ಮಗಳನ್ನು ಓದಿಸಿದ್ದ.

ಶಿಫಾರಸು ಬೇಕಂತೆ ಎಂದು ಮಗಳು ಫೋನಿನಲ್ಲಿ ಗೊಣಗಿದ್ದು ಅವನ ಕಿವಿಗೆ ಬಿದ್ದಿತ್ತು. ಸಂದರ್ಶನದ ಹಿಂದಿನ ದಿನ ನಂಜನಗೂಡಿನ ಅವಳ ರೂಮಿಗೆ ಬಂದವನೇ ಜೇಬಿನಿಂದ ಲಕೋಟೆ ತೆಗೆದುಕೊಟ್ಟ. ಮಾಜಿ ಪಂಚಾಯಿತಿ ಅಧ್ಯಕ್ಷರ ಲೆಟರ್‌ಹೆಡ್ಡು. 'ಈ ಪತ್ರ ತರುತ್ತಿರುವವರು ನಮಗೆ ಬೇಕಾದವರಾಗಿದ್ದು, ಇವರ ಕೆಲಸ ಮಾಡಿಕೊಡುವುದು' ಎಂದಿತ್ತು. ಕೆಳಗೆ ಸಹಿ, ಸೀಲು.

"ಮೂರು ದಿನ ಅವರ ಜಗ್ಲಿ ಮೇಲೆ ಕುಂತಿದ್ದೆ ಕಣವ್ವ. ಕೊನ್ಗೂ ಬರ್ಕೊಟ್ರು."

"ಅಪ್ಪ, ಇದೇನು ಖಾತೆ ಮಾಡಿಸೋ ಅರ್ಜಿನಾ? ಸರ್ಜನ್ನೇ ಬರ್ಕೊಡ್ಬೇಕು. ಇದನ್ನ ತೋರಿಸಿದ್ರೆ ನಗ್ತಾರೆ ಅಷ್ಟೇ."

ಮಾತು ಬೇಕಾದ್ದಕ್ಕಿಂತ ಒರಟಾಗಿ ಬಂತು. ಕರಿಯಯ್ಯ "ಇರ್ಲಿ ಬುಡು" ಎಂದು ಲಕೋಟೆಯನ್ನು ಅವಳ ಫೈಲಿನೊಳಗೆ ಸೇರಿಸಿದ.

ಮರುದಿನ ಅವಳಿಗಿಂತ ಮೊದಲು ಒಳಗೆ ಹೋದವನು ಹೇಮಂತ್, ಅವಳ ಸಹಪಾಠಿ. ಎರಡನೇ ಸಲಕ್ಕೆ ಪಾಸಾದವನು. ಬಾಗಿಲು ಅರ್ಧ ತೆರೆದೇ ಇತ್ತು.

"ಓ, ಪತ್ರ ಸರ್ರೇ ಬರೆದಿದಾರಾ? ನಾವೆಲ್ಲ ಅವರ ಕೈಕೆಳಗೇ ಕಲಿತವರು. ಹೇಗಿದಾರೆ ನಿಮ್ಮ ದೊಡ್ಡಪ್ಪ?" ಎಂದು ಒಳಗಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು.

ದಿವ್ಯಳ ಸರದಿ ಬಂದಾಗ ಹಿರಿಯ ಡಾಕ್ಟರು ಅವಳ ಅರ್ಜಿಯ ಹಾಳೆ ತಿರುವಿ, "ಲೇಖನ ಇಲ್ಲ, ಪತ್ರ ಇಲ್ಲ. ನಿಮ್ಮನ್ನ ಅಳೆಯೋದು ಹೇಗಮ್ಮ?" ಎಂದರು.

"ಸೂಜಿ ದಾರ ಕೊಡಿ ಸರ್, ಹೊಲಿಗೆ ಹಾಕಿ ತೋರಿಸ್ತೀನಿ."

"ಅದೆಲ್ಲ ಇಲ್ಲಿಗೆ ಬಂದವರಿಗೆ ನಾವೇ ಕಲಿಸ್ತೀವಿ" ಎಂದು ಅವರು ಅರ್ಜಿ ಪಕ್ಕಕ್ಕಿಟ್ಟರು.

ಸಂಜೆ ಅಂಟಿಸಿದ ಪಟ್ಟಿಯಲ್ಲಿ ಹೇಮಂತನ ಹೆಸರಿತ್ತು, ಅವಳದಿರಲಿಲ್ಲ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕರಿಯಯ್ಯ ಊರಿಗೆ ಹೋಗದೆ ಕಾಯುತ್ತಿದ್ದ. ಮಗಳ ಮುಖ ನೋಡಿ, "ನನ್ ಕಾಗ್ದ ತೋರಿಸ್ಲಿಲ್ವಾ?" ಎಂದ.

ಅವಳು ಫೈಲನ್ನು ಬೆಂಚಿನ ಮೇಲೆ ಎಸೆದಳು. "ಅಲ್ಲೂ ಅಂಥ ಕಾಗ್ದಾನೇ ಕಣಪ್ಪ ಕೇಳಿದ್ದು. ನೀನು ಹೋಗಿದ್ದ ಬಾಗ್ಲು ತಪ್ಪು, ಅಷ್ಟೇ."

ಕರಿಯಯ್ಯ ಅವಳ ಫೈಲಿನಿಂದ ಆ ಲಕೋಟೆ ಎಳೆದುಕೊಂಡು, ಹಿಂಬದಿ ತಿರುಗಿಸಿ, ಜೇಬಿನಿಂದ ಪೆನ್ನು ತೆಗೆದ.

"ಅಂಗಾರೆ ಮುಂದ್ಲೊರ್ಷಕ್ಕೆ ಯಾರ ಮನೆ ಬಾಗ್ಲಲ್ಲಿ ನಿಂತ್ಕಬೇಕು, ಎಸ್ರು ಏಳವ್ವ, ಬರ್ಕತೀನಿ. ನಾಳಿಂದ್ಲೇ ಓಯ್ತೀನಿ."

ದಿವ್ಯಳಿಗೆ ಹೇಳಲು ಒಂದು ಹೆಸರೂ ಗೊತ್ತಿರಲಿಲ್ಲ.