ಗಾದಿ ಸುಭಾನಸಾಬನ ಗುಟ್ಟು

ರಾಜೂರಿನ ಗಾದಿ ಸುಭಾನಸಾಬನಿಗೆ ಎರಡು ವರ್ಷದಿಂದ ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಊರೆಲ್ಲರ ಗಾದಿಗೆ ಹತ್ತಿ ಹಿಂಜುವ ಮನುಷ್ಯ, ಇದಕ್ಕೂ ಒಂದು ಹಿಡಿ ಹತ್ತಿ ಹಿಂಜಿ, ಉಂಡೆ ಮಾಡಿ, ಲಂಗೋಟಿಯೊಳಗೆ ಬಿಗಿದುಕೊಂಡು ದವಾ ಮುಗಿಯಿತು ಎಂದುಕೊಂಡ. ಭಲೇ ವೈದ್ಯ!

ಗಂಟಿನದೇನು, ಯಾರಿಗಾದರೂ ಹೇಳಬಹುದಿತ್ತು. ಹೇಳಲಾಗದ್ದು ಇನ್ನೊಂದಿತ್ತು. ಒಮ್ಮೆ ಉಚ್ಚೆ ಹೊಯ್ದರೆ ಪೂರ್ತಿ ಆಗುತ್ತಿರಲಿಲ್ಲ. ಆ ಗಂಟನ್ನು ಅಂಗೈಯಿಂದ ಒತ್ತಿದರೆ ಮಾತ್ರ ಉಳಿದದ್ದು ಬರುತ್ತಿತ್ತು. ಮಸೀದಿಯ ಮೂತ್ರಿಖಾನೆಯಲ್ಲಿ ಅವನು ತಡಮಾಡುವುದಕ್ಕೆ ಹೊರಗೆ ಕಾಯುವವರು ಕೆಮ್ಮತೊಡಗಿದ ಮೇಲೆ ಅವನು ಎಲ್ಲವನ್ನೂ ಮನೆಯಲ್ಲೇ ಮುಗಿಸಿಕೊಂಡು ನಮಾಜಿಗೆ ಹೋಗುತ್ತಿದ್ದ. ಹೆಂಡತಿ ಕಾಶೀಂಬಿಗೂ ಬಾಯಿ ಬಿಟ್ಟಿರಲಿಲ್ಲ. ಅರವತ್ತೆಂಟರ ಗಂಡಸು ಗಂಟು ಹಿಂಡಿ ಉಚ್ಚೆ ಹೊಯ್ಯುತ್ತಾನೆಂದರೆ ಮಾನ ಉಳಿಯುತ್ತದೆಯೇ?

ಕೊನೆಗೆ ಮಗ ನವಾಜ ಬೈದು ಗಜೇಂದ್ರಗಡದ ದವಾಖಾನೆಗೆ ಕರೆತಂದ. ಅಲ್ಲಿ ಆಪರೇಶನ್ ಮಾಡುವವಳು ಯಾರು? ಅವನೂರಿನ ಗುರುಸಂಗಪ್ಪನ ಮಗಳು ಉಮಾಶ್ರೀ! ಸಣ್ಣವಳಿದ್ದಾಗ ಅವನು ಹಿಂಜಿದ ಹತ್ತಿಯ ರಾಶಿಯಲ್ಲಿ ಹೊರಳಾಡಿ ಬೈಸಿಕೊಂಡವಳು. ಸಾಲದ್ದಕ್ಕೆ ಪಕ್ಕದಲ್ಲೇ ಸೊಸೆ ಹೀನಾ ನಿಂತಿದ್ದಳು.

"ಹರ್ನಿಯಾ ಐತ್ರಿ ಕಾಕಾ. ಉಚ್ಚಿ ಹೋಗೂದರಾಗ ಏನರ ತ್ರಾಸ ಐತೇನ್ರಿ?"

"ಏನಿಲ್ಲವಾ. ಸಾಫ್ ಆಕ್ಕೈತಿ."

"ಒಮ್ಮೆ ಹೋಗಿ ಬಂದ ಮ್ಯಾಲೆ ಮತ್ತ ಹೋಗಬೇಕ ಅನಸ್ತೈತೇನ್ರಿ? ಹಂಗಿದ್ರ ಮೊದಲ ಸ್ಕ್ಯಾನಿಂಗ್ ಮಾಡಸೂಣು."

ಸುಭಾನಸಾಬನ ಕಿವಿ ಬಿಸಿಯಾಯಿತು. ಸೊಸೆಯ ಎದುರು ಇದೆಂಥ ಮಾತು! "ಏ ಇಲ್ಲವಾ!" ಎಂದು ಮುಖ ತಿರುವಿದ.

ಒಂದು ತಾಸಿನ ಆಪರೇಶನ್ ಮೂರು ತಾಸು ನಡೆಯಿತು. ಮರುದಿನ ಅವನು ಉಚ್ಚೆಯ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ ಉಮಾಶ್ರೀ ಬಂದು ಎಲ್ಲರೆದುರು ಹೇಳಿದಳು. "ಉಚ್ಚಿ ಚೀಲಾನ ಜಾರಿ ಆ ಗಂಟಿನಾಗ ಬಂದಿತ್ತ್ರಿ. ಹಿಂಗಾಗೂದು ಭಾಳ ಕಡಿಮಿ. ನನಗ ಗೊತ್ತಾಗಲಿಲ್ಲ, ಕತ್ತರಿ ತಾಗಿತು. ಹೊಲದೀನಿ, ಹತ್ತು ದಿನ ನಳಿಗಿ ಇರಬೇಕು. ತಪ್ಪು ನಂದರಿ."

ನವಾಜ ಕೆಂಡವಾದ. ಫೋನು ತೆಗೆದು, ವಿಡಿಯೋ ಚಾಲೂ ಮಾಡಿ ಅವಳ ಮುಖಕ್ಕೆ ಹಿಡಿದ. "ಕಣ್ಣ ಎಲ್ಲಿಟ್ಟಿದ್ರಿ? ಇನ್ನೊಮ್ಮೆ ಹೇಳ್ರಿ, ಊರಿಗೆಲ್ಲ ತೋರಸ್ತೀನಿ. ಇನ್ನ ಮ್ಯಾಲೆ ನಿಮ್ಮ ಕಡೆ ಒಬ್ಬರೂ ಬರಬಾರದು!"

ಉಮಾಶ್ರೀ ತಲೆ ತಗ್ಗಿಸಿ ನಿಂತಳು. ಬಾಗಿಲಲ್ಲಿ ಜನ ಸೇರಿದರು. ಸುಭಾನಸಾಬನಿಗೆ ಗೊತ್ತಿತ್ತು, ತಾನು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ, ತನ್ನ ಮಾನಕ್ಕೆ ಕುಂದಿಲ್ಲ. ಹುಡುಗಿಯ ಹೆಸರು ಮಾತ್ರ ಮಣ್ಣುಪಾಲು. ಥೂ, ಇದೂ ಒಂದು ಬಾಳೇ ಎಂದು ತನ್ನ ಮೇಲೇ ಹೇಸಿಗೆಯಾಯಿತು.

"ಏ ನವಾಜಾ, ಬಾಯಿ ಮುಚ್ಚು," ಎಂದ. "ಎರಡು ವರ್ಷ ಆತು, ಆ ಗಂಟ ಒತ್ತಿ ಒತ್ತಿ ಎರಡೆರಡ ಸಲ ಉಚ್ಚಿ ಹೊಯ್ಯಾಕತ್ತೇನಿ. ಈಕಿ ಬಾಯಿ ಬಿಟ್ಟ ಕೇಳಿದ್ಲು. ನಾಚಿಕಿ ಬಂತು, ಸುಳ್ಳ ಹೇಳಿದೆ."

ಹೀನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ನವಾಜನ ಮುಖ ಬಿಳಿಚಿಹೋಯಿತು. ಫೋನು ಇನ್ನೂ ಎಲ್ಲವನ್ನೂ ಹಿಡಿದುಕೊಳ್ಳುತ್ತಿತ್ತು. ಅವನು ಗಡಬಡಿಸಿ ಅಳಿಸಲು ಹೋದ.

"ಅಳಸಬ್ಯಾಡ," ಎಂದ ಸುಭಾನಸಾಬ. ಕಣ್ಣೀರು ಕಿವಿಗೆ ಇಳಿಯುತ್ತಿತ್ತು. "ಊರಿಗೆಲ್ಲ ತೋರಸ್ತೀನಿ ಅಂದ್ಯಲ್ಲ, ಇದನ್ನ ತೋರಸು."