ಬಲಗಣ್ಣು

ಬಾಚಣಿಗೆ ನೆತ್ತಿಗೆ ತಾಗಿದ್ದೇ ತಡ, ಆಸ್ಲೌಗ್ ಚೀರಿದಳು. ಹೆಂಡತಿಗೆ ಜಡೆ ಹಾಕಲು ಕೂತಿದ್ದ ಹಿಲ್ಮಾರ್ ಬೆಚ್ಚಿ ಕೈ ತೆಗೆದ.

"ಇನ್ನೂ ಸರಿಯಾಗಿ ಮುಟ್ಟೇ ಇಲ್ವಲ್ಲೇ!"

"ಅದಿರ್ಲಿ. ದೀಪ ಯಾಕೆ ಮಂಕಾಯ್ತು?"

ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅವಳು ಬಲಗಣ್ಣು ಮುಚ್ಚಿ ನೋಡಿದಳು. ಎಡಗಣ್ಣಿಗೆ ಬರೀ ಕಪ್ಪು.

ಉತ್ತರ ನಾರ್ವೆಯ ನಮ್ಮ ದ್ವೀಪದಲ್ಲಿ ಒಣಮೀನನ್ನು ಸುತ್ತಿಗೆಯಿಂದ ಜಜ್ಜಿ ಅಗಿಯುತ್ತೇವೆ. ಅಗಿಯಲಾರದವರನ್ನು ಗೇಲಿ ಮಾಡದೆ ಬಿಡುವುದಿಲ್ಲ. ನಾಲ್ಕು ಸಲ ಅಗಿಯುವಷ್ಟರಲ್ಲಿ ದವಡೆ ನೊಂದು ಆಸ್ಲೌಗ್ ಮೀನು ಉಗುಳಿದಾಗ ಹಿಲ್ಮಾರನೂ ನಕ್ಕಿದ್ದ, "ಆ ಹಲ್ಲುಸೆಟ್ಟು ಸಮುದ್ರಕ್ಕೆ ಎಸಿ" ಎಂದಿದ್ದ. ಆಮೇಲೆ ಪಾಪವೆನಿಸಿ ಹಿಟ್ಟಾಗುವಷ್ಟು ಜಜ್ಜಿಕೊಡತೊಡಗಿದ. ಅವಳು ಸೊರಗುತ್ತಲೇ ಹೋದಳು. ಕಣತಲೆ ಸಿಡಿಯುತ್ತಿದ್ದರೂ ಡಾಕ್ಟರಿಗೆ ಹೇಳಲಿಲ್ಲ. ತಲೆನೋವಿಗೆಲ್ಲ ಡಾಕ್ಟರನ್ನು ಕಾಡುವುದೆಂದರೆ ನಮ್ಮವರಿಗೆ ಪ್ರಾಣ ಹೋದಷ್ಟು ನಾಚಿಕೆ. ಥೂ, ಎಂಥ ಹಟವೋ!

ಇವತ್ತು ಮಾತ್ರ ಹಿಲ್ಮಾರ್ ಫೋನ್ ಮಾಡಿದ. ಆಚೆ ದಡದ ಪಟ್ಟಣದಿಂದ ಡಾಕ್ಟರಮ್ಮ ಒಂದೊಂದೇ ಕೇಳಿದರು. ಕಣತಲೆ ನೋವಾ? ಬಾಚಿದರೆ ಉರಿಯಾ? ಅಗಿಯುವಾಗ ದವಡೆ ನೊಂದು, ಬಿಟ್ಟರೆ ಕಡಿಮೆಯಾಗುತ್ತಾ?

"ಹೂಂ, ಎಲ್ಲಾ ಹೂಂ! ಹಲ್ಲಿನದು ಅನ್ಕೊಂಡಿದ್ವಿ."

"ಹಲ್ಲಲ್ಲ, ತಲೆಯ ರಕ್ತನಾಳ ಊದ್ಕೊಂಡಿರೋ ಹಾಗಿದೆ. ವಯಸ್ಸಾದೋರಿಗೆ ಬರುತ್ತೆ. ಎಡಗಣ್ಣಿಗೆ ರಕ್ತ ಹರಿಯೋದು ನಿಂತಿದೆ. ತಡ ಮಾಡಿದ್ರೆ ಬಲಗಣ್ಣೂ ಹೋಗುತ್ತೆ. ತಕ್ಷಣ ಕರ್ಕೊಂಡು ಬನ್ನಿ."

"ಈ ಬಿರುಗಾಳೀಲಿ ದೋಣಿ ಎಲ್ಲಿಂದ ತರ್ಲಿ ಡಾಕ್ಟ್ರೇ!" ಹಿಲ್ಮಾರ್ ಕಿರುಚಿಯೇಬಿಟ್ಟ.

ಹೆಲಿಕಾಪ್ಟರೂ ಹಾರುವಂತಿರಲಿಲ್ಲ. ಡಾಕ್ಟರಮ್ಮ, "ನಿಮ್ಮ ದಮ್ಮಿಗೆ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟಿದ್ದೆನಲ್ಲ, ಉಳಿದಿದೆಯಾ?" ಎಂದರು. ಇವಳಿಗೂ ಅದೇ ಮದ್ದು, ಆದರೆ ಒಂದೇ ಸಲಕ್ಕೆ ದೊಡ್ಡ ಪ್ರಮಾಣ ಬೇಕು. ಅವರು ಹೇಳಿದಷ್ಟನ್ನು ಎಣಿಸಿದರೆ ಡಬ್ಬಿ ಖಾಲಿ.

ಆಸ್ಲೌಗ್ ಬಾಯಿ ಬಿಗಿಹಿಡಿದಳು. "ದೋಣಿ ಬರೋದ್ರೊಳಗೆ ನಿಂಗೆ ದಮ್ಮು ಹತ್ತಿದ್ರೆ?"

"ಹತ್ತಲಿ ಬಿಡು! ನುಂಗೇ, ನಿನ್ನ ದಮ್ಮಯ್ಯ ಅಂತೀನಿ, ನುಂಗು!"

ನುಂಗಿದಳು. ದೋಣಿಗೆ ಕಾಯುವಷ್ಟೂ ಹೊತ್ತು ಹಿಲ್ಮಾರ್ ಅವಳೆದುರು ಮೊಣಕಾಲೂರಿ ಕೂತೇ ಇದ್ದ. ಕಿಟಕಿ ಕಾಣ್ತಾ, ಕುರ್ಚಿ ಕಾಣ್ತಾ ಎಂದು ಮತ್ತೆ ಮತ್ತೆ ಕೇಳಿದ. ಅವಳು ರೇಗಿ ಉತ್ತರ ಕೊಡುವುದನ್ನೇ ಬಿಟ್ಟಾಗ ಅವನ ಎದೆ ಒಡೆದೇಹೋಯಿತು. ದೇವರೇ, ಈ ಕಣ್ಣೂ ಹೋಯಿತೇ?

ಗಾಳಿ ತಗ್ಗಿತು. ಆಸ್ಪತ್ರೆಯ ದೋಣಿ ಬಂತು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು, ಅವನನ್ನು ಅವಳ ಎಡಗಡೆಗೆ. ಹಿಲ್ಮಾರನಿಗೆ ಉಸಿರು ಸುಯ್ಯೆನ್ನುತ್ತಿತ್ತು. ಈಗ ಏನು ಕೇಳಲೂ ಅವನಿಗೆ ಧೈರ್ಯವಿರಲಿಲ್ಲ.

ಆಸ್ಲೌಗ್ ಕತ್ತು ಪೂರ್ತಿ ಹೊರಳಿಸಿ ಅವನ ಕಡೆ ತಿರುಗಿದಳು.

"ಅಯ್ಯೋ ಮುದುಕಾ, ಅಳ್ತಿದ್ದೀಯಾ?"

ಅವನು ಬೆಂಚು ಹಿಡಿದುಕೊಂಡು ಮೆಲ್ಲಗೆ ಎದ್ದು, ಅವಳ ಬಲಗಡೆಗೆ ಬಂದು ಕೂತ.